ಅಮೆರಿಕದ ಮೆಟಲ್, ಯುರೋಪಿನ ಮೆಟಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಟಲ್, ಅಂದರೆ ಗಿಟಾರ್ ಗುಡುಗುವ ಜೋರು ರಾಕ್ ಸಂಗೀತ. ಅದರ ಬಗ್ಗೆ ಮಾತು ಶುರುವಾದರೆ ಈ ಪ್ರಶ್ನೆಗಳು ಬಂದೇ ಬರುತ್ತವೆ. ಕೆಲವು ಗೆಳೆಯರ ಹರಟೆಯಲ್ಲಿ ಬಂದವು, ಕೆಲವು ಪತ್ರಗಳಲ್ಲಿ, ಇನ್ನು ಕೆಲವು ಜಗಳದ ಮಧ್ಯೆ. ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಈಗಷ್ಟೇ ಕೇಳಲು ಶುರು ಮಾಡಿದವರಿಗೆ

ಹೆವಿ ಮೆಟಲ್ ಹುಟ್ಟಿದ್ದು ಅಮೆರಿಕದಲ್ಲಾ, ಇಂಗ್ಲೆಂಡ್‌ನಲ್ಲಾ?

ಇಂಗ್ಲೆಂಡ್‌ನಲ್ಲಿ. ಊರು ಬರ್ಮಿಂಗ್‌ಹ್ಯಾಮ್. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಮೊದಲ ಆಲ್ಬಂ 1970ರ ಫೆಬ್ರವರಿ 13ರಂದು ಬಂತು. ಹೆಚ್ಚಿನವರು ಮೆಟಲ್‌ನ ಲೆಕ್ಕ ಶುರು ಮಾಡುವುದು ಅಲ್ಲಿಂದಲೇ. ಆದರೆ ಆ ಹುಡುಗರು ಅದಕ್ಕೂ ಮುಂಚೆ ನುಡಿಸುತ್ತಿದ್ದದ್ದು ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಸಂಗೀತ. ಹಾಗಾಗಿ ಈ ಸಂಗೀತ ಹುಟ್ಟುವ ಮೊದಲೇ ಅಟ್ಲಾಂಟಿಕ್ ಸಾಗರವನ್ನು ಒಮ್ಮೆ ದಾಟಿತ್ತು.

ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿನ ಅಪಘಾತವೊಂದರಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳುವಾದ ತಂತಿ ಹಾಕಿದ, ಮುಂದೆ 1971ರ ಆಲ್ಬಂ ಹೊತ್ತಿಗೆ ತಂತಿಗಳ ಬಿಗಿಯನ್ನೂ ಸಡಿಲ ಮಾಡಿದ. ಸ್ವರ ಕೆಳಗಿಳಿಯಿತು, ಸದ್ದು ದಪ್ಪ ಆಯಿತು. ಇವತ್ತು ಎರಡೂ ಖಂಡಗಳಲ್ಲಿ ಎಲ್ಲರೂ ಗಿಟಾರನ್ನು ಕೆಳಗಿನ ಸ್ವರಕ್ಕೆ ಶ್ರುತಿ ಮಾಡುತ್ತಾರಲ್ಲ, ಅದರ ಮೂಲದಲ್ಲಿ ಒಂದು ಗಾಯಗೊಂಡ ಕೈ ಇದೆ.

ಬ್ರಿಟನ್ನನ್ನೂ ಯುರೋಪಿಗೇ ಸೇರಿಸಬೇಕಾ?

ಇಲ್ಲಿ ಸೇರಿಸಿದ್ದೇನೆ. ಆದರೆ ಬ್ರಿಟಿಷ್ ಮೆಟಲ್ ನಿಜಕ್ಕೂ ಇಬ್ಬರಿಗೂ ಹಿರಿಯಣ್ಣ. ಜರ್ಮನಿಯವರೂ ಕ್ಯಾಲಿಫೋರ್ನಿಯಾದವರೂ ಪಾಠ ಕಲಿತದ್ದು ಅಲ್ಲಿಂದಲೇ.

ಕೇಳಿದ ಕೂಡಲೇ ಇದು ಅಮೆರಿಕದ್ದು, ಇದು ಯುರೋಪಿನದ್ದು ಅಂತ ಹೇಳೋಕೆ ಆಗುತ್ತಾ?

ಹತ್ತಕ್ಕೆ ಹತ್ತು ಸರಿ ಹೇಳಲು ಆಗುವುದಿಲ್ಲ. ಆದರೂ ಒಂದು ಸುಲಭದ ಪರೀಕ್ಷೆ ಇದೆ. ಹಾಡು ಮುಗಿದ ಮೇಲೆ ನಿಮ್ಮ ಬಾಯಲ್ಲಿ ಏನು ಉಳಿಯಿತು ಅಂತ ನೋಡಿ. ಗಿಟಾರಿನ ರಾಗವನ್ನು ಗುನುಗುತ್ತಿದ್ದರೆ ಅದು ಯುರೋಪಿನದ್ದಾಗಿರುವ ಸಾಧ್ಯತೆ ಜಾಸ್ತಿ. ರಾಗ ನೆನಪಿಲ್ಲ, ಆದರೆ ಕುತ್ತಿಗೆ ಇನ್ನೂ ತಾಳಕ್ಕೆ ಆಡುತ್ತಿದೆ ಅಂದರೆ ಅಮೆರಿಕದ್ದಿರಬಹುದು.

ಐರನ್ ಮೇಡನ್ ಅನ್ನೇ ತಗೊಳ್ಳಿ. ಎರಡು ಗಿಟಾರ್‌ಗಳು ಒಂದೇ ರಾಗವನ್ನು ಎರಡು ಎತ್ತರದಲ್ಲಿ ಜೊತೆಯಾಗಿ ನುಡಿಸುತ್ತವೆ. ಜನ ಕ್ರೀಡಾಂಗಣದಲ್ಲಿ ಹಾಡಿನ ಸಾಲು ಮಾತ್ರ ಅಲ್ಲ, ಗಿಟಾರ್ ಭಾಗವನ್ನೂ 'ಓ ಓ' ಅಂತ ಹಾಡುತ್ತಾರೆ. ಈಗ ಟೆಕ್ಸಾಸ್‌ನ ಪ್ಯಾಂಟೆರಾ ಕೇಳಿ. ಅಲ್ಲಿ ಗಿಟಾರೇ ಒಂದು ತಾಳವಾದ್ಯ. ಡ್ರಮ್ ಹೊಡೆದ ಕಡೆಯೇ ಗಿಟಾರೂ ಹೊಡೆಯುತ್ತದೆ. ಹೊಡೆತಗಳ ನಡುವಿನ ಮೌನವನ್ನೂ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ.

ಈ ವ್ಯತ್ಯಾಸ ರಕ್ತದಲ್ಲಿ ಬಂದದ್ದಲ್ಲ. ಮೆಟಲ್ ಬೆಳೆದ ಜಾಗದಲ್ಲಿ ಪಕ್ಕದ ಮನೆಯಿಂದ ಯಾವ ಸಂಗೀತ ಕೇಳಿಸುತ್ತಿತ್ತು ಅನ್ನುವುದೇ ಇದಕ್ಕೆ ಕಾರಣ ಅಂತ ನನ್ನ ಅಭಿಪ್ರಾಯ. ಅಮೆರಿಕದಲ್ಲಿ ಪಕ್ಕದಲ್ಲಿ ಇದ್ದದ್ದು ಬ್ಲೂಸ್, ಹಾರ್ಡ್‌ಕೋರ್ ಪಂಕ್ ಅನ್ನುವ ವೇಗದ, ಸಿಟ್ಟಿನ ರಾಕ್, ಆಮೇಲೆ ಹಿಪ್‌ಹಾಪ್. ಯುರೋಪಿನಲ್ಲಿ ಇದ್ದದ್ದು ಚರ್ಚಿನ ಆರ್ಗನ್, ಶಾಸ್ತ್ರೀಯ ಸಂಗೀತ, ಜಾನಪದ ಹಾಡು.

ಯುರೋಪಿನವರು ಯಾವಾಗ ನೋಡಿದ್ರೂ ಡ್ರ್ಯಾಗನ್, ಕತ್ತಿ, ವೈಕಿಂಗ್ ಅಂತಾರೆ. ಅಮೆರಿಕದವರು ಬರೀ ಸಿಟ್ಟು. ಯಾಕೆ ಹೀಗೆ?

ಮಾತು ಸ್ವಲ್ಪ ಒರಟು, ಆದರೆ ಪೂರ್ತಿ ಸುಳ್ಳಲ್ಲ. ಸ್ವೀಡನ್ನಿನ ಅಮೋನ್ ಅಮರ್ತ್ ವೈಕಿಂಗ್ ಕಥೆಗಳನ್ನು ಬಿಟ್ಟು ಆಚೆ ಹೋಗುವುದೇ ಅಪರೂಪ. ಅದೇ ದೇಶದ ಸಬಾಟನ್ ಯುದ್ಧದ ಇತಿಹಾಸವನ್ನೇ ಹಾಡುತ್ತದೆ. ಜರ್ಮನಿಯ ಬ್ಲೈಂಡ್ ಗಾರ್ಡಿಯನ್ 1998ರಲ್ಲಿ ಟೋಲ್ಕಿನ್ ಲೋಕದ ಮೇಲೆ ಇಡೀ ಆಲ್ಬಂ ಮಾಡಿತು. ಫಿನ್ಲೆಂಡಿನ ಅಮೋರ್ಫಿಸ್ ತಮ್ಮ ನಾಡಿನ ಮಹಾಕಾವ್ಯ ಕಲೆವಾಲದಿಂದ ಸಾಲುಗಳನ್ನು ಎತ್ತಿಕೊಂಡಿತು. ಕೋಟೆ, ಹಳೆಯ ಚರ್ಚು, ಶಾಲೆಯಲ್ಲಿ ಓದಿದ ಪುರಾಣ ಎಲ್ಲ ಕೈಗೆ ಸಿಗುವಷ್ಟು ಹತ್ತಿರದಲ್ಲಿವೆ.

ಅಮೆರಿಕದ ಹಾಡುಗಳಲ್ಲಿ 'ನಾನು' ಜಾಸ್ತಿ. ಅಪ್ಪನ ಮೇಲಿನ ಕೋಪ, ಕುಡಿತ, ಡ್ರಗ್ಸ್, ನ್ಯಾಯ ಸಿಗದ ಕೋರ್ಟು, ಯುದ್ಧದಿಂದ ಮುರಿದು ಬಂದ ಸೈನಿಕ. ಕಾರ್ನ್ ಬ್ಯಾಂಡಿನ ಮೊದಲ ಆಲ್ಬಮ್ಮಿನ ಕೊನೆಯಲ್ಲಿ ಗಾಯಕ ಬಾಲ್ಯದ ನೋವು ನೆನೆದು ನಿಜಕ್ಕೂ ಅಳುತ್ತಾನೆ. ಅದನ್ನು ಹಾಗೇ ಬಿಟ್ಟಿದ್ದಾರೆ.

ಇದಕ್ಕೆ ಉಲ್ಟಾ ಉದಾಹರಣೆಗಳೂ ಬೇಕಾದಷ್ಟಿವೆ. ಕತ್ತಿ, ತೊಗಲಿನ ಉಡುಪು, ಯೋಧರ ಹಾಡು ಅಂದರೆ ಮೊದಲು ನೆನಪಾಗುವ ಮನೋವಾರ್ ನ್ಯೂಯಾರ್ಕ್ ರಾಜ್ಯದ್ದು. ಸರ್ಕಾರ, ಬಂಡವಾಳ ಎಲ್ಲವನ್ನೂ ಬೈಯುವ ನೇಪಾಮ್ ಡೆತ್ ಇಂಗ್ಲೆಂಡಿನದ್ದು.

ಎರಡನ್ನೂ ಹೋಲಿಸಿ ಕೇಳಬೇಕು. ಯಾವ ಆಲ್ಬಂನಿಂದ ಶುರು ಮಾಡಲಿ?

ಜೋಡಿ ಜೋಡಿಯಾಗಿ ಕೇಳಿ, ಒಂದಾದ ಮೇಲೆ ಒಂದು. ಪ್ರತಿ ಜೋಡಿಯಲ್ಲೂ ಮೊದಲನೆಯದು ಅಮೆರಿಕದ್ದು, ಎರಡನೆಯದು ಯುರೋಪಿನದ್ದು. 1986ರ ಥ್ರ್ಯಾಶ್, ಅಂದರೆ ವೇಗದ, ಗಡಸು ಮೆಟಲ್ ಬೇಕಾದರೆ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್', ಅದರ ಹಿಂದೆಯೇ ಕ್ರಿಯೇಟರ್‌ನ 'ಪ್ಲೆಷರ್ ಟು ಕಿಲ್'. ಕಥೆ ಹೇಳುವ, ದೊಡ್ಡ ದನಿಯ ಮೆಟಲ್ ಬೇಕಾದರೆ 1988ರ ಎರಡು: ಕ್ವೀನ್ಸ್‌ರೈಕ್‌ನ 'ಆಪರೇಷನ್ ಮೈಂಡ್‌ಕ್ರೈಮ್' ಮತ್ತು ಹೆಲೋವೀನ್‌ನ 'ಕೀಪರ್ ಆಫ್ ದ ಸೆವೆನ್ ಕೀಸ್' ಎರಡನೇ ಭಾಗ. ಗಂಟಲಲ್ಲೇ ಗೊರಗೊರ ಹಾಡುವ, ಇನ್ನೂ ಭಾರದ ಡೆತ್ ಮೆಟಲ್ ತಡೆಯುವ ಕಿವಿ ಇದ್ದರೆ ಮಾರ್ಬಿಡ್ ಏಂಜಲ್‌ನ 'ಆಲ್ಟರ್ಸ್ ಆಫ್ ಮ್ಯಾಡ್‌ನೆಸ್' (1989) ಮತ್ತು ಎಂಟೂಮ್ಡ್‌ನ 'ಲೆಫ್ಟ್ ಹ್ಯಾಂಡ್ ಪಾತ್' (1990). ತಮಾಷೆ ಏನಂದರೆ, ಈ ಕೊನೆಯ ಎರಡನ್ನೂ ಹೊರತಂದದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಒಂದೇ ಕಂಪನಿ, ಇಯರೇಕ್.

## ಸ್ವಲ್ಪ ಕೇಳಿದವರಿಗೆ

ಮೆಟಾಲಿಕಾನೂ ಥ್ರ್ಯಾಶ್, ಕ್ರಿಯೇಟರ್‌ನೂ ಥ್ರ್ಯಾಶ್ ಅಂತೀರಿ. ನನಗೆ ಎರಡೂ ಒಂದೇ ತರ ಕೇಳಲ್ಲ. ಯಾಕೆ?

ನಿಮ್ಮ ಕಿವಿ ಸರಿಯಾಗಿದೆ. ಇಬ್ಬರೂ ಒಂದೇ ಗುರುಗಳ ಶಿಷ್ಯರು, ಆದರೆ ಇಷ್ಟಪಟ್ಟ ಪಾಠಗಳು ಬೇರೆ.

ಮೆಟಾಲಿಕಾ ಅಮೆರಿಕದ ಬ್ಯಾಂಡ್ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಡ್ರಮ್ಮರ್ ಲಾರ್ಸ್ ಉಲ್ರಿಕ್ ಹುಟ್ಟಿದ್ದು ಡೆನ್ಮಾರ್ಕ್‌ನಲ್ಲಿ. 1981ರಲ್ಲಿ, ಇನ್ನೂ ಹದಿಹರೆಯದಲ್ಲಿ, ಡೈಮಂಡ್ ಹೆಡ್ ಅನ್ನುವ ಬ್ಯಾಂಡ್ ನೋಡಲಿಕ್ಕೆಂದೇ ಇಂಗ್ಲೆಂಡಿಗೆ ಹೋಗಿ ಅವರ ಹಿಂದೆಯೇ ಸುತ್ತಿದ್ದ. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಜೇಮ್ಸ್ ಹೆಟ್‌ಫೀಲ್ಡ್ ಜೊತೆ ಮೆಟಾಲಿಕಾ ಕಟ್ಟಿದ. ಎರಡನೇ ಮತ್ತು ಮೂರನೇ ಆಲ್ಬಂಗಳನ್ನು ರೆಕಾರ್ಡ್ ಮಾಡಿದ್ದು ಕೋಪನ್‌ಹೇಗನ್‌ನ ಸ್ವೀಟ್ ಸೈಲೆನ್ಸ್ ಸ್ಟುಡಿಯೋದಲ್ಲಿ. ಅಮೆರಿಕದ ಥ್ರ್ಯಾಶ್‌ನ ದೊಡ್ಡ ಕೃತಿ ಅನ್ನಿಸಿಕೊಂಡದ್ದು ಡೆನ್ಮಾರ್ಕ್‌ನಲ್ಲಿ ತಯಾರಾಯಿತು ಅಂದ ಹಾಗಾಯಿತು!

ಹಾಗಾದರೆ ಅದರಲ್ಲಿ ಅಮೆರಿಕ ಎಲ್ಲಿದೆ? ಬಲಗೈಯಲ್ಲಿ. ಅಂಗೈ ಅಂಚಿನಿಂದ ತಂತಿಯನ್ನು ಅದುಮಿಟ್ಟು, ಎಲ್ಲ ಹೊಡೆತವನ್ನೂ ಮೇಲಿಂದ ಕೆಳಕ್ಕೇ ಹೊಡೆಯುವ ಹೆಟ್‌ಫೀಲ್ಡ್‌ನ ಶಿಸ್ತು ಅಲ್ಲಿನ ಥ್ರ್ಯಾಶ್‌ಗೆ ಗುರುತಾಯಿತು. ಅದರ ಜೊತೆಗೆ ಹಾರ್ಡ್‌ಕೋರ್ ಪಂಕ್‌ನ ಚುರುಕು. ಸ್ಲೇಯರ್‌ನ 1986ರ ಆಲ್ಬಂ ಅರ್ಧ ಗಂಟೆಯೊಳಗೇ ಮುಗಿದುಹೋಗುತ್ತದೆ. ಅದನ್ನು ಹೊರತಂದದ್ದು ಡೆಫ್ ಜ್ಯಾಮ್, ಅಂದರೆ ಹಿಪ್‌ಹಾಪ್ ಕಂಪನಿ. ನ್ಯೂಯಾರ್ಕ್‌ನ ಆಂಥ್ರ್ಯಾಕ್ಸ್ 1991ರಲ್ಲಿ ಹಿಪ್‌ಹಾಪ್ ತಂಡ ಪಬ್ಲಿಕ್ ಎನಿಮಿ ಜೊತೆ ಸೇರಿ ರ‍್ಯಾಪ್ ಮಾಡಿತು. ಆಗ ಯುರೋಪಿನ ಬ್ಯಾಂಡ್‌ಗಳಿಗೆ ಇಂಥದ್ದು ಹೊಳೆಯುವುದೇ ಕಷ್ಟವಿತ್ತು. ಪಕ್ಕದ ಬೀದಿಯಲ್ಲಿ ಹಿಪ್‌ಹಾಪ್ ಇರಲಿಲ್ಲವಲ್ಲ.

ಜರ್ಮನಿಯವರಿಗೆ ಹಿಡಿಸಿದ್ದು ಇಂಗ್ಲೆಂಡಿನ ವೆನಮ್ ಬ್ಯಾಂಡ್. ಗಲೀಜು ಸದ್ದು, ಸೈತಾನ, ಮೋಟರ್‌ಹೆಡ್‌ನ ವೇಗ. ಎಸ್ಸೆನ್‌ನ ಕ್ರಿಯೇಟರ್, ಗೆಲ್ಸೆನ್‌ಕಿರ್ಶೆನ್‌ನ ಸೊಡೊಮ್ ಎರಡೂ ರೂರ್ ಕಣಿವೆಯ ಕಲ್ಲಿದ್ದಲು ಪ್ರದೇಶದವು. ಸೊಡೊಮ್‌ನ ಟಾಮ್ ಏಂಜಲ್‌ರಿಪ್ಪರ್ ಗಣಿಯಲ್ಲೇ ಕೆಲಸ ಮಾಡಿದವನು. ಅವರ ಮೊದಮೊದಲ ರೆಕಾರ್ಡಿಂಗ್‌ಗಳಲ್ಲಿ ವಾದ್ಯಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಮೆಟಾಲಿಕಾದ ಅಚ್ಚುಕಟ್ಟು ಅಲ್ಲಿಲ್ಲ. ಆ ಒರಟುತನವೇ ಮುಂದೆ ಬ್ಲ್ಯಾಕ್ ಮೆಟಲ್ (ಚೀರುವ ದನಿ, ಸೈತಾನನ ಮಾತು, ಒರಟು ಸದ್ದು), ಡೆತ್ ಮೆಟಲ್ ಮಾಡಿದವರಿಗೆ ಇಷ್ಟವಾಯಿತು.

ಕೂದಲು ಉಬ್ಬಿಸಿಕೊಂಡು ಮೇಕಪ್ ಹಾಕ್ಕೊಳ್ಳೋ ಗ್ಲಾಮ್ ಮೆಟಲ್ ಪೂರ್ತಿ ಅಮೆರಿಕದ್ದಾ?

ಪೂರ್ತಿ ಅಲ್ಲ. ಫಿನ್ಲೆಂಡಿನ ಹನಾಯ್ ರಾಕ್ಸ್ ಈ ವೇಷವನ್ನು ಮೊದಲೇ ಹಾಕಿತ್ತು. 'ಯುರೋಪ್' ಅನ್ನುವ ಹೆಸರಿನ ಸ್ವೀಡನ್ ಬ್ಯಾಂಡನ್ನು ಎಲ್ಲರೂ ಕೇಳಿದ್ದಾರೆ. ಆದರೆ ಅದನ್ನು ವ್ಯಾಪಾರ ಮಾಡಿದ್ದು ಲಾಸ್ ಏಂಜಲೀಸ್‌ನ ಕ್ಲಬ್ಬುಗಳ ಬೀದಿ ಸನ್‌ಸೆಟ್ ಸ್ಟ್ರಿಪ್ ಮತ್ತು 1981ರಲ್ಲಿ ಶುರುವಾದ ಸಂಗೀತದ ಟಿವಿ ಚಾನೆಲ್ ಎಂಟಿವಿ. 1983ರಲ್ಲಿ ಕ್ವಯಟ್ ರಯಟ್‌ನ ಆಲ್ಬಂ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮೆಟಲ್ ಆಲ್ಬಂ ಒಂದು ಆ ಜಾಗ ಮುಟ್ಟಿದ್ದು ಅದೇ ಮೊದಲು.

ಟಿವಿಗೆ ಬಂದರೆ ಅಪ್ಪ ಅಮ್ಮಂದಿರ ಕಣ್ಣಿಗೂ ಬೀಳುತ್ತದೆ ಅಲ್ವಾ? 1985ರ ಸೆಪ್ಟೆಂಬರ್ 19ರಂದು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹಾಡುಗಳ ಸಾಹಿತ್ಯದ ಬಗ್ಗೆ ವಿಚಾರಣೆ ನಡೆಯಿತು. ಟ್ವಿಸ್ಟೆಡ್ ಸಿಸ್ಟರ್‌ನ ಡೀ ಸ್ನೈಡರ್ ತೋಳಿಲ್ಲದ ಡೆನಿಮ್ ಅಂಗಿ ಹಾಕಿಕೊಂಡೇ ಹೋಗಿ ವಾದ ಮಾಡಿದ. ಆಲ್ಬಂಗಳ ಮೇಲೆ 'ಪೋಷಕರಿಗೆ ಎಚ್ಚರಿಕೆ' ಚೀಟಿ ಬಂದದ್ದು ಈ ಗಲಾಟೆಯಿಂದ. ಹುಡುಗರು ಆ ಚೀಟಿ ಇದ್ದದ್ದನ್ನೇ ಹುಡುಕಿ ಕೊಂಡರು, ಅದು ಬೇರೆ ಮಾತು.

ಪವರ್ ಮೆಟಲ್ ಅಂದ್ರೆ ನನಗೆ ಪ್ರಾಣ. ಅಮೆರಿಕದಲ್ಲಿ ಅದು ಯಾಕೆ ಓಡಲಿಲ್ಲ?

ಮೊದಲಿಗೆ, ಆ ಹೆಸರಲ್ಲಿ ಎರಡು ಬೇರೆ ಸಂಗೀತ ಇವೆ. ಎಂಬತ್ತರ ದಶಕದ ಅಮೆರಿಕದ ಪವರ್ ಮೆಟಲ್ ಅಂದರೆ ಬ್ರಿಟನ್ನಿನ ಐರನ್ ಮೇಡನ್, ಜೂಡಸ್ ಪ್ರೀಸ್ಟ್ ಬ್ಯಾಂಡ್‌ಗಳ ಹಾದಿಯನ್ನೇ ಇನ್ನಷ್ಟು ಗಡಸು ಮಾಡಿದ್ದು. ಜ್ಯಾಗ್ ಪ್ಯಾಂಜರ್, ಸವಟಾಜ್ ಥರದವರು. ಹ್ಯಾಂಬರ್ಗ್‌ನ ಹೆಲೋವೀನ್ 1987, 1988ರಲ್ಲಿ ಬೇರೆಯದೇ ಅಚ್ಚು ಮಾಡಿತು: ಓಡುವ ಡಬಲ್ ಬೇಸ್ ಡ್ರಮ್, ಆಕಾಶಕ್ಕೆ ಏರುವ ದನಿ, ಖುಷಿಯಾದ ಪಲ್ಲವಿ. ಫಿನ್ಲೆಂಡಿನ ಸ್ಟ್ರಾಟೊವೇರಿಯಸ್, ಇಟಲಿಯ ರ‍್ಯಾಪ್ಸೋಡಿ ಹಿಡಿದದ್ದು ಈ ದಾರಿ.

ಆ ಖುಷಿಯೇ ಅಮೆರಿಕದಲ್ಲಿ ಅಡ್ಡ ಬಂತು ಅಂತ ನನಗೆ ಅನ್ನಿಸುತ್ತದೆ. 1991ರಲ್ಲಿ ನಿರ್ವಾಣ ಅನ್ನುವ ಗ್ರಂಜ್ ರಾಕ್ ಬ್ಯಾಂಡ್ ಹೆಸರು ಮಾಡಿದ ಮೇಲೆ ಅಲ್ಲಿ ರೇಡಿಯೋ ಮತ್ತು ಟಿವಿಯ ಹವಾ ಬದಲಾಯಿತು. ಎತ್ತರದ ದನಿ, ಉದ್ದದ ಗಿಟಾರ್ ಸೋಲೋ ಎಲ್ಲ ನಗೆಪಾಟಲಾದವು. ಪ್ಯಾಂಟೆರಾದಂತೆ ಗಡಸಾದವರು ಉಳಿದರು. 1994ರಲ್ಲಿ ಅವರ ಆಲ್ಬಂ ನೇರವಾಗಿ ಬಿಲ್‌ಬೋರ್ಡ್‌ನ ಮೊದಲ ಸ್ಥಾನಕ್ಕೇ ಇಳಿಯಿತು. ಜರ್ಮನಿಯಲ್ಲಿ, ಉತ್ತರ ಯುರೋಪಿನಲ್ಲಿ ಮೆಟಲ್ ಪತ್ರಿಕೆಗಳು, ಕಂಪನಿಗಳು, ಫೆಸ್ಟಿವಲ್‌ಗಳು ತಮ್ಮ ಪಾಡಿಗೆ ನಡೆಯುತ್ತಿದ್ದವು. ಫ್ಯಾಷನ್ ಹೋದರೂ ಕೇಳುಗರು ಉಳಿದರು. ಮನೋವಾರ್‌ಗೆ ಸ್ವಂತ ದೇಶಕ್ಕಿಂತ ಜರ್ಮನಿಯಲ್ಲೇ ಮರ್ಯಾದೆ ಜಾಸ್ತಿ.

ಫ್ಲೋರಿಡಾ ಡೆತ್ ಮೆಟಲ್, ಸ್ವೀಡಿಷ್ ಡೆತ್ ಮೆಟಲ್ ಅಂತಾರೆ. ನನಗಂತೂ ಎರಡೂ ಗೊರಗೊರ. ವ್ಯತ್ಯಾಸ ಏನು?

ಗಾಯಕನನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಗಿಟಾರ್ ಮತ್ತು ಡ್ರಮ್ ಕೇಳಿ.

ಟ್ಯಾಂಪಾದ ಮಾರಿಸೌಂಡ್ ಸ್ಟುಡಿಯೋದಲ್ಲಿ ತಯಾರಾದ ಆಲ್ಬಂಗಳಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತದೆ. ಡ್ರಮ್ಮಿನ ಒಂದೊಂದು ಹೊಡೆತವನ್ನೂ ಎಣಿಸಬಹುದು. ಡೆತ್, ಮಾರ್ಬಿಡ್ ಏಂಜಲ್, ಒಬಿಚ್ಯುಯರಿ, ಡಿಯಸೈಡ್ ಎಲ್ಲ ಅಲ್ಲಿ ರೆಕಾರ್ಡ್ ಮಾಡಿದವರು. ಅಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ ಸ್ಕಾಟ್ ಬರ್ನ್ಸ್ ಹೆಸರು ಆಲ್ಬಂ ಹಿಂದೆ ಇದ್ದರೆ ಸಾಕು, ಹುಡುಗರು ಕೊಂಡುಬಿಡುತ್ತಿದ್ದರು. ನೇಪಾಮ್ ಡೆತ್ ಕೂಡ 1990ರಲ್ಲಿ ಆ ಸದ್ದಿಗಾಗಿ ಇಂಗ್ಲೆಂಡಿನಿಂದ ಟ್ಯಾಂಪಾಕ್ಕೆ ಬಂತು. ಸಂಗೀತದಲ್ಲೂ ಅದೇ ಬುದ್ಧಿ: ತಾಳ ಮತ್ತೆ ಮತ್ತೆ ಬದಲಾಗುತ್ತದೆ, ರಿಫ್ (ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ವರಸೆ) ಮೇಲೆ ರಿಫ್.

ಸ್ಟಾಕ್‌ಹೋಮ್‌ನಲ್ಲಿ ಇದ್ದದ್ದು ಸನ್‌ಲೈಟ್ ಸ್ಟುಡಿಯೋ, ಅಲ್ಲಿ ರೆಕಾರ್ಡಿಂಗ್ ಮಾಡುತ್ತಿದ್ದವನು ತೋಮಸ್ ಸ್ಕೋಗ್ಸ್‌ಬರ್ಗ್. ಬಾಸ್ ಕಂಪನಿಯ ಎಚ್‌ಎಂ-2 ಅನ್ನುವ, ಗಿಟಾರಿನ ಸದ್ದು ಬದಲಿಸುವ ಜಪಾನಿನ ಸಣ್ಣ ಪೆಡಲ್, ಅದರ ತಿರುಗಣೆಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿಬಿಟ್ಟರು. ಮರ ಕೊಯ್ಯುವ ಯಂತ್ರದಂಥ ಸದ್ದು ಬಂತು. ಎಂಟೂಮ್ಡ್, ಡಿಸ್ಮೆಂಬರ್ ಎರಡರಲ್ಲೂ ಇದೇ ಗರಗರ. ಕೆಳಗೆ ಪಂಕ್‌ನ ನೇರವಾದ ತಾಳ. ಕಂಪನಿ 1991ರಲ್ಲಿ ಪೆಡಲ್ ತಯಾರಿ ನಿಲ್ಲಿಸಿತು. ಆದರೆ ಜನ ಬಿಡಲಿಲ್ಲ, ಮೂರು ದಶಕ ಕಳೆದ ಮೇಲೆ ಮತ್ತೆ ಮಾರುಕಟ್ಟೆಗೆ ತರಬೇಕಾಯಿತು.

ಅದೇ ದೇಶದ ಇನ್ನೊಂದು ಊರು ಗೋಥೆನ್‌ಬರ್ಗ್ ಬೇರೆಯೇ ಕಥೆ. ಅಟ್ ದ ಗೇಟ್ಸ್, ಡಾರ್ಕ್ ಟ್ರಾಂಕ್ವಿಲಿಟಿ, ಇನ್ ಫ್ಲೇಮ್ಸ್ ಹುಡುಗರು ಡೆತ್ ಮೆಟಲ್‌ನ ಅರಚಾಟ ಇಟ್ಟುಕೊಂಡು ಐರನ್ ಮೇಡನ್‌ನ ಜೋಡಿ ಗಿಟಾರ್ ರಾಗ ತಂದು ಸೇರಿಸಿದರು. 1995, 1996ರಲ್ಲಿ ಬಂದ ಈ ಆಲ್ಬಂಗಳನ್ನು ಮೆಲೋಡಿಕ್ ಡೆತ್ ಮೆಟಲ್ ಅನ್ನುತ್ತಾರೆ.

ನಾರ್ವೆಯಲ್ಲಿ ಬ್ಲ್ಯಾಕ್ ಮೆಟಲ್‌ನವರು ಚರ್ಚ್ ಸುಟ್ಟಿದ್ದು ನಿಜಾನಾ? ಅಮೆರಿಕದವರೂ ಹಾಗೇನಾ?

ನಿಜ. 1992ರ ಜೂನ್ 6ರಂದು ಬರ್ಗನ್ ಹತ್ತಿರದ ಫಾಂಟಾಫ್ಟ್‌ನ ಹಳೆಯ ಮರದ ಚರ್ಚ್ ಬೆಂಕಿಗೆ ಆಹುತಿಯಾಯಿತು. ಆಮೇಲೆ ಇನ್ನೂ ಕೆಲವು ಚರ್ಚ್‌ಗಳು. 1993ರ ಆಗಸ್ಟ್‌ನಲ್ಲಿ ಮೇಹೆಮ್ ಬ್ಯಾಂಡಿನ ಯುರೋನಿಮಸ್‌ನ ಕೊಲೆಯಾಯಿತು. ಬರ್ಜಮ್‌ನ ವಾರ್ಗ್ ವಿಕರ್ನೆಸ್‌ಗೆ ಕೊಲೆ ಮತ್ತು ಚರ್ಚ್ ಸುಟ್ಟ ಆರೋಪಗಳಲ್ಲಿ 21 ವರ್ಷ ಶಿಕ್ಷೆಯಾಯಿತು. ಇದನ್ನು ರೋಚಕ ಕಥೆ ಮಾಡಿ ಹೇಳುವವರು ಬಹಳ ಮಂದಿ. ನನಗೆ ಅದರಲ್ಲಿ ಹೊಗಳುವಂಥದ್ದು ಏನೂ ಕಾಣುವುದಿಲ್ಲ.

ಸಂಗೀತದ ಮಟ್ಟಿಗೆ ನೋಡಿದರೆ, ನಾರ್ವೆಯವರು ಟ್ಯಾಂಪಾದ ಅಚ್ಚುಕಟ್ಟು ರೆಕಾರ್ಡಿಂಗ್‌ಗೆ ಬೆನ್ನು ತಿರುಗಿಸಿದರು. ಡಾರ್ಕ್‌ಥ್ರೋನ್ ಮೊದಲು ಡೆತ್ ಮೆಟಲ್ ಬ್ಯಾಂಡೇ ಆಗಿತ್ತು. ಎರಡನೇ ಆಲ್ಬಂನಿಂದ ಬೇಕೆಂದೇ ತೆಳು, ಚಳಿ ಹುಟ್ಟಿಸುವ ಸದ್ದಿಗೆ ಹೊರಳಿತು. ಅಮೆರಿಕದಲ್ಲಿ ಈ ಸಂಗೀತ ತಡವಾಗಿ ಬೇರು ಬಿಟ್ಟಿತು. ವಾಷಿಂಗ್ಟನ್ ರಾಜ್ಯದ ವುಲ್ವ್ಸ್ ಇನ್ ದ ಥ್ರೋನ್ ರೂಮ್‌ಗೆ ಸೈತಾನಕ್ಕಿಂತ ಕಾಡೇ ಮುಖ್ಯ. ಕ್ಯಾಲಿಫೋರ್ನಿಯಾದ ಡೆಫ್‌ಹೆವನ್ 2013ರಲ್ಲಿ ಗುಲಾಬಿ ಬಣ್ಣದ ಮುಖಪುಟದ ಆಲ್ಬಂ ತಂದಾಗ ಹಳಬರು ಕೆಂಡವಾದರು. ಆಲ್ಬಂ ಮಾತ್ರ ಚೆನ್ನಾಗಿದೆ.

ನು ಮೆಟಲ್ ಮೆಟಲ್ಲೇ ಅಲ್ಲ ಅಂತ ನನ್ನ ಫ್ರೆಂಡ್ ವಾದ ಮಾಡ್ತಾನೆ. ಸರಿನಾ?

ವಾದ ಮಾಡಲಿ ಬಿಡಿ. ಏಳು ತಂತಿಯ ಗಿಟಾರನ್ನು ಇನ್ನೂ ಕೆಳಗಿಳಿಸಿ ನುಡಿಸುವ ಕಾರ್ನ್, ಒಂಬತ್ತು ಜನ ಮುಖವಾಡ ಹಾಕಿಕೊಂಡು ಬರುವ ಅಯೋವಾದ ಸ್ಲಿಪ್‌ನಾಟ್, ಇವೆಲ್ಲ ಅಯೋಮಿಯ ಮೊಮ್ಮಕ್ಕಳೇ. ಸೋಲೋ ತೆಗೆದರು, ಹಿಪ್‌ಹಾಪ್ ತಾಳ ಹಾಕಿದರು, ಟರ್ನ್‌ಟೇಬಲ್ ತಂದರು. ಅಮೆರಿಕದಲ್ಲಿ ಮಾತ್ರ ಹುಟ್ಟಬಹುದಾಗಿದ್ದ ಮೆಟಲ್ ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಯುರೋಪಿನಲ್ಲಿ ಕೇಳಿದವರು ಲಕ್ಷಾಂತರ, ಆದರೆ ಅಲ್ಲಿಂದ ಇದಕ್ಕೆ ಸಾಟಿಯಾದ ಬ್ಯಾಂಡ್‌ಗಳು ಬರಲಿಲ್ಲ.

## ಆಳಕ್ಕೆ ಇಳಿಯುವವರಿಗೆ

ವಾಕನ್ ಥರದ ಫೆಸ್ಟಿವಲ್ ಅಮೆರಿಕದಲ್ಲಿ ಯಾಕಿಲ್ಲ?

ವಾಕನ್ ಉತ್ತರ ಜರ್ಮನಿಯ ಒಂದು ಹಳ್ಳಿ. 1990ರಲ್ಲಿ ಶುರುವಾದಾಗ ಆರು ಬ್ಯಾಂಡು, ಸುಮಾರು 800 ಜನ. ಈಗ 80 ಸಾವಿರ ದಾಟುತ್ತದೆ. ಫ್ರಾನ್ಸಿನ ಕ್ಲಿಸೋನ್ ಊರಿನ ಹೆಲ್‌ಫೆಸ್ಟ್ 2006ರಿಂದ ನಡೆಯುತ್ತಿದೆ. ಇಂಗ್ಲೆಂಡಿನ ಡಾನಿಂಗ್ಟನ್ ಮೈದಾನದಲ್ಲಿ 1980ರಿಂದಲೇ ಮೆಟಲ್ ಜಾತ್ರೆ. ಬೇಸಿಗೆಯಲ್ಲಿ ಒಂದು ಬ್ಯಾಂಡ್ ವಾರಕ್ಕೊಂದು ದೇಶದಂತೆ ಬಸ್ಸಿನಲ್ಲೇ ಸುತ್ತಿ ಬರಬಹುದು. ಕೇಳುಗರೂ ರೈಲು ಹತ್ತಿ, ಟೆಂಟ್ ಹಿಡಿದು ಬರುತ್ತಾರೆ.

ಅಮೆರಿಕದಲ್ಲಿ ದೂರ ಜಾಸ್ತಿ. ಅಲ್ಲಿ ಜನ ಮೈದಾನಕ್ಕೆ ಬರುವ ಬದಲು ಮೈದಾನವೇ ಜನರ ಹತ್ತಿರ ಹೋಯಿತು. 1996ರಲ್ಲಿ ಬ್ಲ್ಯಾಕ್ ಸಬ್ಬತ್‌ನ ಗಾಯಕ ಆಜಿ ಆಸ್ಬರ್ನ್ ಕುಟುಂಬ ಶುರು ಮಾಡಿದ ಆಜ್‌ಫೆಸ್ಟ್ ಊರಿಂದ ಊರಿಗೆ ತಿರುಗುವ ಪ್ರವಾಸವಾಯಿತು. ಇದರ ಪರಿಣಾಮ ಸಂಗೀತದ ಮೇಲೂ ಇದೆ. 80 ಸಾವಿರ ಜನ ಒಟ್ಟಿಗೆ ಹಾಡಬೇಕು ಅಂದರೆ ಪಲ್ಲವಿ ದೊಡ್ಡದಾಗಿರಬೇಕು. ಸಬಾಟನ್ ಹಾಡುಗಳನ್ನು ಕೇಳಿ, ಅವು ಮೈದಾನಕ್ಕೆಂದೇ ಕಟ್ಟಿದ ಹಾಗಿವೆ. ಸಣ್ಣ ಕ್ಲಬ್ಬಿನಲ್ಲಿ ಮುನ್ನೂರು ಜನ ಒಬ್ಬರ ಮೇಲೊಬ್ಬರು ಬೀಳುವ ಕಡೆ ಬೇಕಾಗುವುದು ಬ್ರೇಕ್‌ಡೌನ್, ಅಂದರೆ ತಾಳ ತಟ್ಟನೆ ಅರ್ಧ ವೇಗಕ್ಕೆ ಇಳಿಯುವ ಜಾಗ. ಅದು ಅಮೆರಿಕದ ಹಾರ್ಡ್‌ಕೋರ್ ಕ್ಲಬ್ಬುಗಳ ಕೊಡುಗೆ.

ಸ್ವೀಡನ್, ಫಿನ್ಲೆಂಡ್ ಇಷ್ಟೇ ಇಷ್ಟು ದೇಶಗಳು. ಅಲ್ಲಿಂದ ಇಷ್ಟೊಂದು ಬ್ಯಾಂಡ್ ಹೇಗೆ ಬರುತ್ತೆ?

'ಚಳಿ, ಕತ್ತಲು, ಮಾಡಲು ಬೇರೆ ಕೆಲಸ ಇಲ್ಲ' ಅನ್ನುವ ಉತ್ತರ ಎಲ್ಲ ಕಡೆ ಸಿಗುತ್ತದೆ. ಕೆನಡಾದಲ್ಲೂ ಚಳಿ ಇದೆಯಲ್ಲ? ನನಗೆ ಹೆಚ್ಚು ಒಪ್ಪಿಗೆಯಾಗುವ ಕಾರಣ ಸರ್ಕಾರದ ದುಡ್ಡು. ಸ್ವೀಡನ್ನಿನಲ್ಲಿ ಊರ ಆಡಳಿತವೇ ನಡೆಸುವ ಸಂಗೀತ ಶಾಲೆಗಳಿವೆ, ಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ ವಾದ್ಯ ಕಲಿಸುತ್ತಾರೆ. ಬ್ಯಾಂಡ್ ಕಟ್ಟಿದ ಹುಡುಗರು ಅಧ್ಯಯನ ಕೂಟ ಅಂತ ಹೆಸರು ಬರೆಸಿದರೆ ಅಭ್ಯಾಸಕ್ಕೆ ಕೋಣೆ, ಸಲಕರಣೆ ಸಿಗುತ್ತವೆ. ಅಮೆರಿಕದ ಹುಡುಗರಿಗೆ ಸಿಗುತ್ತಿದ್ದದ್ದು ಅಪ್ಪನ ಕಾರ್ ಗ್ಯಾರೇಜು.

ಫಿನ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ. ನೈಟ್‌ವಿಶ್ ಬಂದದ್ದು ಕೀಟೆ ಅನ್ನುವ ಸಣ್ಣ ಊರಿನಿಂದ, ಅದರ ಮೊದಲ ಗಾಯಕಿ ತಾರ್ಯಾ ತುರುನೆನ್ ಶಾಸ್ತ್ರೀಯವಾಗಿ ಹಾಡಲು ಕಲಿತವಳು. ಮೆಟಲ್ ಅಲ್ಲಿ ಮನೆಮಂದಿಯೆಲ್ಲ ಕೇಳುವ ಸಂಗೀತ. 2006ರಲ್ಲಿ ರಾಕ್ಷಸರ ವೇಷದ ಲೋರ್ಡಿ ಬ್ಯಾಂಡ್ ಯುರೋಪಿನ ದೇಶಗಳ ಹಾಡಿನ ಸ್ಪರ್ಧೆ ಯೂರೋವಿಷನ್ ಅನ್ನೇ ಗೆದ್ದಿತು. ಅದೇ ವೇಷ ಅಮೆರಿಕದಲ್ಲಾಗಿದ್ದರೆ ಇನ್ನೊಂದು ಸೆನೆಟ್ ವಿಚಾರಣೆ ಆಗುತ್ತಿತ್ತೇನೋ.

ಗಿಟಾರ್ ಕಲೀತಿದ್ದೀನಿ, ಸ್ವಲ್ಪ ಕರ್ನಾಟಕ ಸಂಗೀತಾನೂ ಗೊತ್ತು. ಸ್ವರಗಳಲ್ಲಿ ಏನು ವ್ಯತ್ಯಾಸ?

ಹಾಗಾದರೆ ನಿಮಗೆ ಹೇಳುವುದು ಸುಲಭ. ಅಮೆರಿಕದ ಹಾರ್ಡ್ ರಾಕ್, ಗ್ಲಾಮ್, ದಕ್ಷಿಣದ ನಿಧಾನ ಮೆಟಲ್ ಎಲ್ಲ ನಿಂತಿರುವುದು ಮೈನರ್ ಪೆಂಟಟಾನಿಕ್ ಮೇಲೆ. ಅದರ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿಯವೇ. ಅದಕ್ಕೆ ತಂತಿಯನ್ನು ಎಳೆದು ಬಗ್ಗಿಸುವ ಬ್ಲೂಸ್ ವರಸೆ ಸೇರುತ್ತದೆ. ಐರನ್ ಮೇಡನ್‌ನಿಂದ ಗೋಥೆನ್‌ಬರ್ಗ್‌ವರೆಗಿನ ಜೋಡಿ ಗಿಟಾರ್ ರಾಗಗಳು ಹೆಚ್ಚಾಗಿ ನ್ಯಾಚುರಲ್ ಮೈನರ್, ಅಂದರೆ ನಠಭೈರವಿಯ ಸ್ವರಗಳು. ಸ್ವೀಡನ್ನಿನ ಇಂಗ್ವೆ ಮಾಮ್‌ಸ್ಟೀನ್ 1984ರಲ್ಲಿ ಬರೋಕ್ ಸಂಗೀತದಿಂದ ತಂದು ಎಲ್ಲರ ತಲೆ ತಿರುಗಿಸಿದ್ದು ಹಾರ್ಮೋನಿಕ್ ಮೈನರ್. ಅದು ಕೀರವಾಣಿ. ಅದೇ ಸ್ವರಗಳನ್ನು ಪಂಚಮದಿಂದ ಶುರು ಮಾಡಿದರೆ ವಕುಳಾಭರಣ, ಅದೂ ಅವನಿಗೆ ಪ್ರಿಯ. ಥ್ರ್ಯಾಶ್‌ನ ಬೆದರಿಸುವ ರಿಫ್‌ಗಳಲ್ಲಿ ಶುದ್ಧ ರಿಷಭ ಸಾ ಪಕ್ಕದಲ್ಲೇ ಕೂತಿರುತ್ತದೆ. ತೋಡಿಯ ಸ್ವರಸ್ಥಾನ ಅಂದುಕೊಳ್ಳಿ, ಗಮಕ ಮಾತ್ರ ಕೇಳಬೇಡಿ.

ಇಲ್ಲೂ ಗಡಿ ಗಟ್ಟಿಯಿಲ್ಲ. ಆಜಿಯ ಜೊತೆ ನುಡಿಸಿದ ಕ್ಯಾಲಿಫೋರ್ನಿಯಾದ ರ‍್ಯಾಂಡಿ ರೋಡ್ಸ್ ಪ್ರವಾಸದ ನಡುವೆಯೂ ಶಾಸ್ತ್ರೀಯ ಗಿಟಾರ್ ಪಾಠಕ್ಕೆ ಹೋಗುತ್ತಿದ್ದ. ಅಮೆರಿಕದ ಗಿಟಾರ್ ಅಂದರೆ ನೆನಪಾಗುವ ಎಡ್ಡಿ ವ್ಯಾನ್ ಹೇಲನ್ ಹುಟ್ಟಿದ್ದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ.

ಇವತ್ತಿಗೂ ಈ ವ್ಯತ್ಯಾಸ ಉಳಿದಿದೆಯಾ, ಅಥವಾ ಸುಮ್ನೆ ಹಳೇ ಕಥೆನಾ?

ಉಳಿದಿದೆ, ಆದರೆ ಊರಿನ ಹೆಸರು ನೋಡಿ ಹೇಳುವ ಕಾಲ ಹೋಯಿತು. ಅಟ್ ದ ಗೇಟ್ಸ್ 1996ರಲ್ಲಿ ಒಡೆದುಹೋಯಿತು. ಅವರ ರಿಫ್‌ಗಳು ಮಾತ್ರ ಮ್ಯಾಸಚೂಸೆಟ್ಸ್‌ಗೆ ಹೋದವು. ಕಿಲ್‌ಸ್ವಿಚ್ ಎಂಗೇಜ್, ಶ್ಯಾಡೋಸ್ ಫಾಲ್ ಬ್ಯಾಂಡ್‌ಗಳು ಗೋಥೆನ್‌ಬರ್ಗ್ ರಾಗಕ್ಕೆ ಹಾರ್ಡ್‌ಕೋರ್ ಬ್ರೇಕ್‌ಡೌನ್ ಜೋಡಿಸಿದವು. 2000ದ ದಶಕದ ಅಮೆರಿಕದ ಮೆಟಲ್‌ಕೋರ್ ಅಂದರೆ ಇದೇ. ಸ್ವೀಡನ್ನಿನ ಉಮೆಯೊ ಊರಿನ ಮೆಶುಗ್ಗ 2002ರ ಹೊತ್ತಿಗೆ ಎಂಟು ತಂತಿಯ ಗಿಟಾರ್ ಹಿಡಿದು ಲೆಕ್ಕಕ್ಕೆ ಸಿಗದ ತಾಳ ನುಡಿಸುತ್ತಿತ್ತು. ರಾಗ ಕಡಿಮೆ, ಪೂರ್ತಿ ತಾಳ! ನಾನು ಮೇಲೆ ಕೊಟ್ಟ ಪರೀಕ್ಷೆಯಲ್ಲಿ ಅವರು ಅಮೆರಿಕದವರೇ ಆಗಿಬಿಡುತ್ತಾರೆ. ಅದನ್ನು ಎತ್ತಿಕೊಂಡು ಜೆಂಟ್ ಅನ್ನುವ ಶೈಲಿ ಬೆಳೆಸಿದವರಲ್ಲಿ ಅಮೆರಿಕದ ಪೆರಿಫೆರಿ ಮುಂದಿತ್ತು.

ಎದುರು ದಿಕ್ಕಿನಲ್ಲಿ ನೋಡಿದರೆ ಸ್ವೀಡನ್ನಿನ ಗೋಸ್ಟ್ ಇದೆ. ಪೋಪ್ ವೇಷ, ಸೈತಾನ, ಆದರೆ ಹಾಡುಗಳು ಎಂಬತ್ತರ ದಶಕದ ಅಮೆರಿಕದ ರೇಡಿಯೋ ರಾಕ್. 2025ರಲ್ಲಿ ಅವರ ಆಲ್ಬಂ ಬಿಲ್‌ಬೋರ್ಡ್‌ನ ಮೊದಲ ಸ್ಥಾನಕ್ಕೆ ಬಂತು. ಫ್ರಾನ್ಸಿನ ಗೊಜಿರಾ ಫ್ಲೋರಿಡಾದ ಡೆತ್ ಮೆಟಲ್ ಕೇಳಿ ಬೆಳೆದ ಬ್ಯಾಂಡ್. 2024ರ ಜುಲೈ 26ರಂದು ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ನುಡಿಸಿತು. ಅಮೆರಿಕದಲ್ಲಿ ಮೆಟಲ್‌ಗೆ ಈ ಥರದ ಸರ್ಕಾರಿ ಮರ್ಯಾದೆ ಸಿಗುವುದನ್ನು ಊಹಿಸಿಕೊಳ್ಳುವುದು ನನಗಂತೂ ಕಷ್ಟ.

ನಮ್ಮ ಬೆಂಗಳೂರಿನ ಬ್ಯಾಂಡ್‌ಗಳು ಯಾವ ಕಡೆ?

ಎರಡೂ ಕಡೆ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತು. 2011ರ ಅಕ್ಟೋಬರ್ 30ರಂದು ಅಲ್ಲೇ ಮೆಟಾಲಿಕಾ. ದೆಹಲಿ ಪಕ್ಕದ ಗುರ್‌ಗಾಂವ್ ಕಾರ್ಯಕ್ರಮ ರದ್ದಾಗಿದ್ದರಿಂದ ಅಲ್ಲಿಯವರೂ ಇಲ್ಲಿಗೆ ಬಂದರು. ಬೆಂಗಳೂರು ಓಪನ್ ಏರ್ 2012ರಲ್ಲಿ ಶುರುವಾದಾಗ ಮುಖ್ಯ ಬ್ಯಾಂಡ್ ಕ್ರಿಯೇಟರ್. ದೊಡ್ಡ ಹೆಸರು ತರಿಸಿದ್ದರಲ್ಲಿ ಯಾವ ಖಂಡಕ್ಕೂ ನಾವು ಮೋಸ ಮಾಡಿಲ್ಲ.

ಇಲ್ಲಿಯ ಬ್ಯಾಂಡ್‌ಗಳಲ್ಲಿ 1998ರಲ್ಲಿ ಶುರುವಾದ ಕ್ರಿಪ್ಟೋಸ್ ಸ್ಪಷ್ಟವಾಗಿ ಯುರೋಪಿನ ಕಡೆ. ಬ್ರಿಟಿಷ್ ಜೋಡಿ ಗಿಟಾರ್, ಜರ್ಮನಿಯ ಗಡಸು. ಅವರ ಆಲ್ಬಂ ತರುವುದೂ ಜರ್ಮನಿಯ ಎಎಫ್‌ಎಂ ಕಂಪನಿ, 2013ರಲ್ಲಿ ವಾಕನ್ ವೇದಿಕೆಯನ್ನೂ ಹತ್ತಿದರು. ಬೇವರ್ ಸೀ ಬ್ಯಾಂಡ್ ಹೆಸರು ಕೇಳಿ ಮೊದಲು ನಗುವವರು ಕನ್ನಡದವರೇ. ಅವರ ನಿಧಾನ, ಭಾರದ ರಿಫ್‌ಗಳು ನೇರವಾಗಿ ಬ್ಲ್ಯಾಕ್ ಸಬ್ಬತ್‌ನಿಂದ ಬಂದವು, ನಡುವೆ ಅಮೆರಿಕದ ಸ್ಟೋನರ್ (ಅಮಲಿನ, ನಿಧಾನದ ರಾಕ್) ಬ್ಯಾಂಡ್‌ಗಳ ಧೂಳೂ ಇದೆ. ಒಂದು ಸಂಜೆ ಇಬ್ಬರೂ ಒಂದೇ ಕಡೆ ನುಡಿಸುವುದು ಸಿಕ್ಕರೆ ಟಿಕೆಟ್ ತಗೊಳ್ಳಿ, ಕಿವಿಗೆ ಹತ್ತಿ ಮರೆಯಬೇಡಿ.